ಬಣ್ಣವಿಲ್ಲದ ನೇಲ್ ಪಾಲಿಶ್

ಟೈಲರಮ್ಮ ಮೊದಲ ದಿನ ಕ್ಲಾಸಿನೊಳಗೆ ಕಾಲಿಟ್ಟಾಗ, ಟೀಚರೇ ಬಂದರೆಂದು ನಾವೆಲ್ಲ ದಡಬಡ ಎದ್ದು ನಿಂತೆವು. ಆಕೆ ಗಾಬರಿಯಾಗಿ ಹಿಂದೆ ತಿರುಗಿ ನೋಡಿದಳು, ಬೆನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು. ಯಾರೂ ಇರಲಿಲ್ಲ. "ಕೂತ್ಕೊಳ್ರಮ್ಮ, ನಾನೂ ಕಲಿಯೋಕೇ ಬಂದಿರೋದು" ಅಂದಳು. ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ಬಾಯಿ ಸ್ವಲ್ಪ ಜೋರು, ಹಾಗಾಗಿ ಎಲ್ಲರೂ ನನ್ನನ್ನು ಕರೆಯುವುದು ರೇಡಿಯೋ ಎಂದು. ನಮ್ಮ ಅತ್ತೆ ಇಟ್ಟ ಹೆಸರು ಅದು. ಆಕೆ ಒಮ್ಮೆ ಕಾಲು ಮುರಿದುಕೊಂಡು ಇದೇ ವಾರ್ಡಿನಲ್ಲಿ ಮಲಗಿದ್ದಾಗ ಇಡೀ ಆಸ್ಪತ್ರೆಗೆ ಅದನ್ನು ಹಂಚಿ ಹೋದಳು. ಆಯಾಗಿರಿಯಿಂದ ಒಂದು ಮೆಟ್ಟಿಲು ಮೇಲೆ ಹತ್ತಿ ಸಹಾಯಕ ನರ್ಸ್ ಆಗಬೇಕೆಂದರೆ ಒಂದು ವರ್ಷದ ಕೋರ್ಸು ಮಾಡಬೇಕು. ಅದರಲ್ಲಿ ಮೊದಲ ಪಾಠವೇ ಅಂಗರಚನೆ, ಅಂಗರಚನೆಯಲ್ಲಿ ಮೊದಲ ಪಾಠ ಜೀವಕೋಶ. ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ಕಲಿಸುತ್ತಾರೆ ಅಂದುಕೊಂಡು ಹೋದರೆ ಪ್ರೋಟೀನು, ಕೊಬ್ಬು, ಕಿಣ್ವ ಅಂತ ಶುರುಮಾಡಿದರು. ನನ್ನ ತಲೆ ಚಿಟ್ಟುಹಿಡಿದು ಹೋಯಿತು.

ಕ್ಲಾಸು ಇದ್ದದ್ದು ಆಸ್ಪತ್ರೆಯ ಹಿಂಬದಿಯಲ್ಲಿ, ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಹಾಸಿಗೆ ಬಟ್ಟೆ ಬೇಯಿಸುವ ಬಿಸಿ ನಮ್ಮ ಚಪ್ಪಲಿಯವರೆಗೂ ಬರುತ್ತಿತ್ತು. ಬೆಂಚಿಗೆ ಇಬ್ಬರು. ಹುಡುಗಿಯರೆಲ್ಲ ಜೋಡಿ ಜೋಡಿಯಾಗಿ ಕೂತಾಗಿತ್ತು, ಉಳಿದವರು ನಾವಿಬ್ಬರೇ. ಹೀಗೆ ಟೈಲರಮ್ಮ ನನ್ನ ಪಾಲಿಗೆ ಬಂದಳು.

ಆಕೆಗೆ ಆಸ್ಪತ್ರೆ ಹೊಸದಲ್ಲ. ರೋಗಿಗಳ ಗೌನು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಹೊಲಿದುಕೊಡುತ್ತಿದ್ದವಳೇ ಅವಳು. ಎದುರು ಬೀದಿಯಲ್ಲಿ ಅವಳ ಅಂಗಡಿ. ಮುಂದೆ ಹೊಲಿಗೆ ಯಂತ್ರ, ಹಿಂದೆ ಮನೆ. ಇಷ್ಟೆಲ್ಲ ಕೆಲಸ ಇದ್ದವಳಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನನಗೆ ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ.

"ನನ್ನ ಮಗಳು ಇದೇ ಕೋರ್ಸ್ ಮಾಡ್ತಿದ್ಲು," ಅಂದಳು. "ನಿಮಗಿಂತ ಹಿಂದಿನ ಬ್ಯಾಚು. ಅರ್ಧಕ್ಕೇ ಹೋಗ್ಬಿಟ್ಲು."

"ಹೋಗ್ಬಿಟ್ಲು ಅಂದ್ರೆ? ಮದ್ವೆ ಮಾಡಿಬಿಟ್ರಾ?"

"ಇಲ್ಲಮ್ಮ. ಜ್ವರ ಅಂತ ಮಲಗಿದ್ಲು. ಏಳಲಿಲ್ಲ."

ನನ್ನ ನಾಲಿಗೆಗೆ ಬೆಂಕಿ ಹಾಕ.

ಆಮೇಲೆ ದಿನಕ್ಕಿಷ್ಟು ಅಂತ ಆಕೆಯೇ ಹೇಳಿದಳು. ಮಗಳು ಪಾಠ ಓದುತ್ತಿದ್ದದ್ದು ಯಂತ್ರದ ಪಕ್ಕದಲ್ಲಿ ಕೂತು, ಗಟ್ಟಿಯಾಗಿ. ಯಂತ್ರ ತುಳಿಯುತ್ತ ತುಳಿಯುತ್ತ ಇವಳ ಕಿವಿಗೂ ಅರ್ಧ ಪುಸ್ತಕ ಬಿದ್ದಿತ್ತು. ಮಗಳು ನಿಲ್ಲಿಸಿದ ಪುಟದಲ್ಲಿ ಒಂದು ಹಸಿರು ಬಟ್ಟೆಯ ಚೂರು ಹಾಗೇ ಇತ್ತು. ಒಂದು ದಿನ ಆ ಹುಡುಗಿ ಕುಣಿಯುತ್ತ ಮನೆಗೆ ಬಂದಿದ್ದಳಂತೆ, ತನ್ನ ಕೆನ್ನೆಯ ಕೋಶವನ್ನು ತಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ ಎಂದು. "ಅಮ್ಮಾ, ನಾನು ಒಳಗಡೆ ಎಷ್ಟು ಚೆನ್ನಾಗಿದೀನಿ ಗೊತ್ತಾ?" ಅಂದಳಂತೆ. ಟೈಲರಮ್ಮನ ಕೈಯಲ್ಲಿ ತುರ್ತಿನ ಹೊಲಿಗೆ ಇತ್ತು. "ಹೊರಗಡೆ ಚೆನ್ನಾಗಿದ್ರೆ ಸಾಕು, ತಲೆ ಬಾಚ್ಕೋ ಹೋಗು" ಅಂದಳಂತೆ.

"ಅವಳು ನೋಡಿದ್ದನ್ನ ನಾನೂ ಒಂದ್ಸಲ ನೋಡ್ಬೇಕು ಕಣೇ ರೇಡಿಯೋ," ಅಂದಳು ನನಗೆ. "ಅವಳ ಬಟ್ಟೆ ಇದೆ, ಚಪ್ಪಲಿ ಇದೆ, ಬಾಚಣಿಗೆ ಇದೆ. ಎಲ್ಲಾನೂ ಮುಟ್ಟಿ ಮುಟ್ಟಿ ಸವೆಸಿಬಿಟ್ಟೆ. ಇನ್ನೇನಾದ್ರೂ ಅವಳ್ದು ಅಂತ ಎಲ್ಲಾದ್ರೂ ಉಳಿದಿದ್ಯಾ ಅಂತ ಹುಡುಕ್ತಾ ಇಲ್ಲಿಗೆ ಬಂದೆ."

ಅವಳು ಬಂದದ್ದು ಇದಕ್ಕೆ. ಸರ್ಟಿಫಿಕೇಟು, ಬಡ್ತಿ ಎಲ್ಲ ನಮ್ಮಂಥವರಿಗೆ.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಹಿಂದಿನ ಬ್ಯಾಚಿನವರು ಬಳಸಿಬಿಟ್ಟ ಗಾಜಿನ ಸ್ಲೈಡುಗಳನ್ನು ಮುಂದಿನ ಬ್ಯಾಚಿನವರು ಬಂದು ತೊಳೆಯಬೇಕು. ಹೊಸ ಗಾಜು ಬೇಕೆಂದು ಬರೆದರೆ ಬರುವಷ್ಟರಲ್ಲಿ ನಾವು ಅಜ್ಜಿಯಾಗಿರುತ್ತೇವೆ, ಆದ್ದರಿಂದ ಇದ್ದದ್ದನ್ನೇ ಉಜ್ಜಬೇಕು. ಶುರುವಿನ ವಾರದಲ್ಲೇ ಆ ಕೆಲಸ ಬಂತು. ಲ್ಯಾಬಿನ ಟೀಚರು ಹೆರಿಗೆ ರಜೆಯಲ್ಲಿದ್ದರು. ಬದಲಿಗೆ ಬಂದಿದ್ದ ಮೇಷ್ಟ್ರು ಮರದ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಸೋಪಿನ ನೀರಿನ ದೊಡ್ಡ ಬೀಕರಿಗೆ ಸುರಿದು, "ಮೊದಲನೇ ಬೆಂಚು, ಶುರು ಹಚ್ಕೊಳ್ಳಿ" ಅಂದು ಟೀ ಕುಡಿಯಲು ಹೋದರು. ಮೊದಲನೇ ಬೆಂಚು ಅಂದರೆ ನಾವೇ.

ಹೆಸರು ಬರೆದು ಅಂಟಿಸಿದ್ದ ಕಾಗದದ ಚೂರುಗಳೆಲ್ಲ ಆಗಲೇ ಬಿಟ್ಟುಕೊಂಡು, ಶಾಯಿ ಕರಗಿ, ಬೆಳ್ಳಗೆ ನೊರೆಯ ಮೇಲೆ ತೇಲುತ್ತಿದ್ದವು. ನಾನು ತೊಳೆಯುವುದು, ಟೈಲರಮ್ಮ ಒರೆಸುವುದು. ಆಮೇಲೆ ಅವಳ ಕಣ್ಣಿಗೆ ನನ್ನ ತೊಳೆತ ಹಿಡಿಸದೆ ಎರಡನ್ನೂ ತಾನೇ ಮಾಡಿದಳು. ನಾನು ಮೂಗು ಮುರಿದುಕೊಂಡು ಕಿಟಕಿಗೆ ಒರಗಿದೆ. ನಡುವೆ ಒಂದು ಸ್ಲೈಡು ಜಪ್ಪಯ್ಯ ಅಂದರೂ ಬಿಡಲಿಲ್ಲ. ಮೇಲಿನ ತೆಳು ಗಾಜಿನ ನಾಲ್ಕೂ ಅಂಚಿಗೆ ಏನೋ ಗಟ್ಟಿಯಾಗಿ ಅಂಟಿಕೊಂಡಿತ್ತು, ಒಣಗಿದ ಗೋಂದಿನ ಹಾಗೆ.

"ಎಸೀರಿ ಅತ್ಲಾಗೆ," ಅಂದೆ ನಾನು.

"ಗಾಜು ಚೆನ್ನಾಗಿದೆ, ಯಾಕೆ ಎಸೀಬೇಕು? ಯಾವಳೋ ಸೋಮಾರಿ ಗೋಂದು ಮೆತ್ತಿ ಹೋಗಿದಾಳೆ. ಕಲಿಯೋಕೆ ಬರ್ತವೆ, ಒಂದು ಶಿಸ್ತಿಲ್ಲ."

ಚೀಲದಿಂದ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದಳು. ಅಂಚಿನುದ್ದಕ್ಕೂ ಕೆರೆದಳು, ಗಾಜಿಗೆ ಒಂದು ಗೀರೂ ಬೀಳದ ಹಾಗೆ, ಅಷ್ಟು ನಾಜೂಕಾಗಿ. ಮೇಲಿನ ಗಾಜು ಬಿಟ್ಟಿತು. ಸ್ಪಿರಿಟ್ ಹಾಕಿ ಒರೆಸಿ ಬೆಳಕಿಗೆ ಹಿಡಿದು, "ನೋಡು, ಹೊಸದರ ಹಾಗಿದೆ" ಅಂದಳು. ಮೇಷ್ಟ್ರು ಬಂದವರು ಪೆಟ್ಟಿಗೆ ನೋಡಿ ಖುಷಿಯಾಗಿ, ಇಷ್ಟು ಶುಭ್ರವಾಗಿ ಯಾವ ಬ್ಯಾಚೂ ತೊಳೆದಿರಲಿಲ್ಲ ಎಂದರು.

ಓದಿನಲ್ಲಿ ಮಾತ್ರ ಟೈಲರಮ್ಮ ನನಗಿಂತ ಹಿಂದೆ. ಕೇಳಿದ್ದು ಅರ್ಥವಾಗುತ್ತಿತ್ತು, ಬಾಯಿಪಾಠ ಆಗುತ್ತಿರಲಿಲ್ಲ. ಎಲ್ಲವನ್ನೂ ಹೊಲಿಗೆಗೆ ಎಳೆಯುತ್ತಿದ್ದಳು. ಕೋಶಕೇಂದ್ರದಲ್ಲಿರುವ ಮೂಲ ನಕ್ಷೆ ಹೊರಗೆ ಬರುವುದಿಲ್ಲ, ಅದರ ಪ್ರತಿ ಮಾತ್ರ ಹೊರಗೆ ಹೋಗಿ ಪ್ರೋಟೀನು ತಯಾರಾಗುತ್ತದೆ ಅಂತ ಮೇಷ್ಟ್ರು ಹೇಳಿದರೆ, "ಸರಿ ಬಿಡಿ, ಅಳತೆಯ ಕಾಗದ ಕತ್ತರಿ ಮೇಜಿಗೆ ಕೊಡಬಾರದು, ಅಚ್ಚು ತೆಗೆದು ಕೊಡಬೇಕು" ಅನ್ನುತ್ತಿದ್ದಳು. ಪರೀಕ್ಷೆಯಲ್ಲಿ ಕಿಣ್ವ ಎಂದರೇನು ಎಂಬ ಪ್ರಶ್ನೆಗೆ, "ಕಿಣ್ವ ಎಂದರೆ ಸೂಜಿ. ಜೋಡಿಸುತ್ತದೆ, ತಾನು ಬಟ್ಟೆಯಲ್ಲಿ ಉಳಿಯುವುದಿಲ್ಲ" ಎಂದು ಬರೆದಿದ್ದಳು. ಮೇಷ್ಟ್ರು ಸೊನ್ನೆ ಕೊಟ್ಟು, ಇದು ಹೊಲಿಗೆ ಕ್ಲಾಸಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದರು. ನನಗೆ ರೇಗಿತು, ಜಗಳಕ್ಕೆ ಎದ್ದೆ. ಆಕೆ ನನ್ನ ತೋಳು ಹಿಡಿದು ಕೂರಿಸಿ, "ಬಿಡು, ಅವರು ಹೇಳೋದೂ ನಿಜಾನೇ" ಅಂದಳು.

ಮೈಟೊಕಾಂಡ್ರಿಯದ ಪಾಠದ ದಿನ ಮಾತ್ರ ಅವಳು ಮೇಷ್ಟ್ರಿಗಿಂತ ಮುಂಚೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಇದು ತಾಯಿಯಿಂದ ಮಾತ್ರ ಬರೋದು ಕಣೇ, ನೋಡ್ತಿರು, ಈಗ ಹೇಳ್ತಾರೆ." ಹಾಗೇ ಹೇಳಿದರು. ಕೋಶಕ್ಕೆ ಶಕ್ತಿ ಕೊಡುವ ಆ ಸಣ್ಣ ಸಣ್ಣ ಕಾಳುಗಳು ಪ್ರತಿ ಮಗುವಿಗೂ ತಾಯಿಯ ಕಡೆಯಿಂದಲೇ ಬರುತ್ತವೆ, ತಂದೆಯದು ಉಳಿಯುವುದಿಲ್ಲ ಎಂದು.

"ನಿಮಗೆ ಹೇಗೆ ಗೊತ್ತು?"

"ಅವಳು ಹೇಳಿದ್ಲು. ಅವರಪ್ಪನ್ನ ಗೋಳುಹೊಯ್ಕೊಂಡ್ಲು ಅವತ್ತು. 'ಅಪ್ಪಾ, ನನ್ನ ಶಕ್ತಿಯಲ್ಲಿ ನಿಂದು ಒಂದು ಚೂರೂ ಇಲ್ಲ, ಎಲ್ಲಾ ಅಮ್ಮಂದು' ಅಂತ. ಪಾಪ, ಅವರು ಮುಖ ಊದಿಸಿಕೊಂಡು ಊಟಕ್ಕೂ ಬರಲಿಲ್ಲ." ಹೇಳುತ್ತ ಹೇಳುತ್ತ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅದೇ ಓಘದಲ್ಲಿ ಇನ್ನೊಂದು ಕಥೆ ಹೇಳಿದಳು. ಮಗಳು ಒಮ್ಮೆ ಬಣ್ಣವೇ ಇಲ್ಲದ ನೇಲ್ ಪಾಲಿಶ್ ತಂದಿದ್ದಳಂತೆ. ಬಣ್ಣ ಇಲ್ಲದ ಮೇಲೆ ಅದನ್ನು ಯಾಕೆ ಹಚ್ಚಿಕೊಳ್ಳಬೇಕು, ನೀರು ಹಚ್ಚಿಕೊಂಡರೆ ಸಾಲದೇ ಎಂದು ಇವಳು ರೇಗಿಸಿದರೆ, "ಇದು ಉಗುರಿಗಲ್ಲಮ್ಮ. ಯಾತಕ್ಕೆ ಅಂತ ಆಮೇಲೆ ತೋರಿಸ್ತೀನಿ, ಸ್ವಲ್ಪ ತಾಳು" ಅಂದಳಂತೆ. "ತೋರಿಸಲೇ ಇಲ್ಲ," ಅಂದಳು ಟೈಲರಮ್ಮ. "ಬಾಟ್ಲಿ ಮೆಷಿನ್ ಡ್ರಾಯರಲ್ಲೇ ಇದೆ, ದಾರದ ಉಂಡೆಗಳ ಜೊತೆ."

ನಾನು ನಗುತ್ತಲೇ ಕೇಳಿದೆ. ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಹೆರಿಗೆ ರಜೆ ಮುಗಿಸಿ ಟೀಚರು ಬಂದದ್ದು ನಾವು ಮೊದಲ ಸಲ ಮೈಕ್ರೋಸ್ಕೋಪ್ ಮುಟ್ಟುವ ವಾರದಲ್ಲಿ. ಒಳ್ಳೆ ಹೆಂಗಸು. ಹಾಜರಿ ಕರೆಯುತ್ತ ನಮ್ಮ ಬೆಂಚಿಗೆ ಬಂದವರು ಟೈಲರಮ್ಮನ ಮುಖ ನೋಡಿ ನಿಂತುಬಿಟ್ಟರು. ಮಗಳು ತಾಯಿಯ ಪಡಿಯಚ್ಚಂತೆ.

"ನೀವು ಅವಳ ತಾಯಿ ಅಲ್ವಾ?" ಟೀಚರು ಹಾಜರಿ ಪುಸ್ತಕ ಮುಚ್ಚಿದರು. "ನಿಮಗೆ ಕೊಡಬೇಕಾದ್ದು ಒಂದಿದೆ. ನಾನು ರಜೆ ಹೋಗೋ ಗಡಿಬಿಡೀಲಿ ಹಾಗೇ ಉಳಿದುಹೋಯ್ತು. ಅವಳು ಒಂದು ಸ್ಲೈಡ್ ಮಾಡಿ ಇಟ್ಟಿದ್ಲು. ಅವಳ ಕೆನ್ನೆ ಕೋಶದ್ದು. 'ನಮ್ಮಮ್ಮಂಗೆ ಬಿಡುವೇ ಇಲ್ಲ ಮಿಸ್, ಒಂದಿನ ಎಳಕೊಂಡು ಬಂದು ತೋರಿಸ್ತೀನಿ, ಅಲ್ಲೀತನಕ ಇಟ್ಟಿರಿ' ಅಂದಿದ್ಲು."

ಟೈಲರಮ್ಮ ಎದ್ದು ನಿಂತಳು. ಆ ಮುಖದ ಮೇಲೆ ಬಂದ ಬೆಳಕನ್ನು ನಾನು ಹೇಗೆ ಹೇಳಲಿ! ಕಳೆದುಹೋದ ಕೂಸು ಸಿಕ್ಕಿದೆ, ಇಲ್ಲೇ ಪಕ್ಕದ ಕೋಣೆಯಲ್ಲಿ ಕೂತಿದೆ ಅಂದ ಹಾಗೆ.

"ಎಲ್ಲಿದೆ ಟೀಚರ್?"

"ಆ ಮರದ ಪೆಟ್ಟಿಗೇಲೇ. ಒಣಗಬಾರದು ಅಂತ ಅಂಚಿಗೆಲ್ಲ ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ಚಿ ಮುಚ್ಚಿದ್ಲು, ನೋಡಿದ ತಕ್ಷಣ ಗೊತ್ತಾಗುತ್ತೆ."

ಟೈಲರಮ್ಮ ಆಗಲೇ ಬೆಂಚು ದಾಟಿ ಹೊರಟಿದ್ದಳು. ಅರ್ಧ ದಾರಿಯಲ್ಲಿ ನಿಂತಳು. ತನ್ನ ಬಲಗೈ ಎತ್ತಿ, ಹೆಬ್ಬೆರಳನ್ನೂ ತೋರುಬೆರಳನ್ನೂ ನೋಡಿಕೊಂಡಳು. ಆದರೂ ಹೋದಳು. ಪೆಟ್ಟಿಗೆ ತೆರೆದು ಒಂದೊಂದೇ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಕೊನೆಯದನ್ನೂ ನೋಡಿ ಅದರ ಜಾಗದಲ್ಲಿಟ್ಟು, ಮುಚ್ಚಳ ಹಾಕಿದಳು.

"ಆ ಗೋಂದು," ಅಂದಳು ನನ್ನ ಕಡೆ ತಿರುಗಿ.

"ಅದೇ ಅಂತ ಏನು ಗ್ಯಾರಂಟಿ? ಬೇರೆ ಯಾರದೋ ಇರಬಹುದು," ಅಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು.

"ಬ್ಲೇಡಲ್ಲಿ ಕೆರೆದೆ ಕಣೇ. ನಾಲ್ಕೂ ಅಂಚು. ಸ್ಪಿರಿಟ್ ಹಾಕಿ ಒರೆಸಿದೆ." ಅವಳ ದನಿಯಲ್ಲಿ ಅಳುವೇ ಇರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಬೈದೆ ಕೂಡ. ಯಾವಳೋ ಸೋಮಾರಿ ಅಂದೆ. ನನಗೆ ತೋರಿಸಬೇಕು ಅಂತ ಇಟ್ಟಿದ್ದ ಮಗೂನ ಸೋಮಾರಿ ಅಂದೆ."

ಟೀಚರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪಾಪ, ಎಳೆಗೂಸಿನ ತಾಯಿ, ಅವರ ಕಣ್ಣಲ್ಲಿ ನೀರು ದಳದಳ ಇಳಿಯಿತು. ಟೈಲರಮ್ಮನ ಕೈ ಹಿಡಿದು ಹೇಳಿದರು, "ಅಮ್ಮ, ಹಾಗೆ ಅಂದ್ಕೋಬೇಡಿ. ಮೈಟೊಕಾಂಡ್ರಿಯ ತಾಯಿಯಿಂದಲೇ ಬರೋದು ಅಲ್ವಾ? ಅವಳಲ್ಲಿ ಇದ್ದದ್ದೇ ನಿಮ್ಮಲ್ಲೂ ಇದೆ. ನಿಮ್ಮ ಒಂದೊಂದು ಕೋಶದಲ್ಲೂ ಅವಳಿದಾಳೆ."

ಟೈಲರಮ್ಮ ತಪ್ಪು ಅಳತೆ ತಂದವರಿಗೆ ತಿಳಿಹೇಳುವ ದನಿಯಲ್ಲಿ, ನಿಧಾನವಾಗಿ ಉತ್ತರ ಕೊಟ್ಟಳು.

"ಇಲ್ಲ ಟೀಚರ್. ಅದು ನನ್ನಿಂದ ಅವಳಿಗೆ ಹೋಗಿದ್ದು. ಅವಳಿಂದ ನನಗೆ ಬಂದಿದ್ದಲ್ಲ. ನನ್ನ ಹತ್ರ ಇರೋದು ನಂದೇ, ಅವಳು ಹುಟ್ಟೋಕೆ ಮುಂಚೇನೂ ಇತ್ತು. ಅವಳ್ದು ಅಂತ ಇದ್ದದ್ದು ಆ ಗಾಜಿನ ಮೇಲೆ."

ಆಕೆ ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಆಮೇಲೆ ಬರಲಿಲ್ಲ. ಕೆಲವು ದಿನ ಕಾದು, ತಡೆಯಲಾರದೆ ನಾನೇ ಅಂಗಡಿಗೆ ಹೋದೆ. ಬೇಕರಿಯ ಕೆಲಸ ಮುಗಿಸಿ ಬಂದು ಅವಳ ಗಂಡ ಬಾಗಿಲಲ್ಲಿ ಕೂತಿದ್ದರು, ಹಿಟ್ಟು ಇನ್ನೂ ಮುಂಗೈ ಮೇಲಿತ್ತು. ಒಳಗೆ ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಟೈಲರಮ್ಮ ಮುಸುಕು ಹಾಕಿದ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಕೈ ಕೆಲಸವಿಲ್ಲದೆ ತೊಡೆಯ ಮೇಲೆ ಬಿದ್ದಿತ್ತು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬರುವುದು ಬೈಗುಳವೇ. "ಏನ್ರೀ, ಬೆಂಚಲ್ಲಿ ನಾನೊಬ್ಬಳೇ ಕೂತು ಸಾಯಬೇಕಾ? ಆ ಹಸಿರು ಬಟ್ಟೆ ಇಟ್ಟ ಪುಟ ದಾಟಿ ಇನ್ನೂ ಅರ್ಧ ಪುಸ್ತಕ ಇದೆ. ಅದನ್ನ ಯಾರು ಓದ್ತಾರೆ, ನಮ್ಮ ಅತ್ತೆನಾ?" ಅಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಅಳು ಒತ್ತರಿಸಿ ಬಂತು. ಕೊನೆಗೆ ಅವಳೇ ನನಗೆ ನೀರು ತಂದುಕೊಟ್ಟಳು.

"ಒಬ್ಬಳನ್ನ ಎರಡು ಸಲ ಕಳ್ಕೊಂಡೆ ರೇಡಿಯೋ," ಅಂದಳು. "ಮೊದಲನೇ ಸಲ ದೇವರು ಕಿತ್ಕೊಂಡ. ಅವನನ್ನಾದ್ರೂ ಬೈದುಕೊಳ್ಳಬಹುದು. ಎರಡನೇ ಸಲ ಯಾರನ್ನ ಬೈಲಿ?"

ಮುಂದಿನ ವಾರ ಆಕೆ ಬಂದು ಬೆಂಚಿನಲ್ಲಿ ಕೂತಳು. ಮೂಳೆ, ಸ್ನಾಯು, ಹೃದಯ, ಮೂತ್ರಪಿಂಡ ಅಂತ ಪುಸ್ತಕ ಮುಂದೆ ಹೋಯಿತು. ಆ ಬಟ್ಟೆಯ ಚೂರನ್ನು ಮಾತ್ರ ಇದ್ದ ಪುಟದಿಂದ ಆಕೆ ಕದಲಿಸಲಿಲ್ಲ.

ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಬಂದದ್ದು ಅದೇ ಪ್ರಯೋಗ. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಗೆ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಹಾಕಿ ನೋಡುವುದು. ಮೊದಲ ಸಲ ನಾವೆಲ್ಲ ಅದನ್ನು ಮಾಡಿದ ದಿನ ಆಕೆ ಇರಲಿಲ್ಲ. ಹಾಗಾಗಿ ಅವಳು ನೋಡಿದ್ದು ಆವತ್ತೇ. ಕಣ್ಣು ಕೊಳವೆಗೆ ಇಟ್ಟವಳು ತೆಗೆಯಲೇ ಇಲ್ಲ. ಪರೀಕ್ಷೆಗೆ ಬಂದಿದ್ದ ಹೊರಗಿನ ಮೇಡಂ, "ಏನು ಕಾಣ್ತಿದೆ?" ಎಂದರು. "ಕೋಶಪೊರೆ, ಕೋಶರಸ, ನಡುವೆ ಕೋಶಕೇಂದ್ರ," ಎಂದು ಒಪ್ಪಿಸಿದಳು. ಮೇಡಂ ಗುರುತು ಹಾಕಿಕೊಂಡು ಮುಂದಿನ ಬೆಂಚಿಗೆ ಹೋದರು. ಟೈಲರಮ್ಮ ನನ್ನ ಕಡೆ ಬಾಗಿ, "ನಿಜ ಕಣೇ. ಒಳಗಡೆ ತುಂಬಾ ಚೆನ್ನಾಗಿದೆ," ಅಂದಳು.

ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಸ್ಲೈಡುಗಳನ್ನು ಟ್ರೇಯಲ್ಲಿಟ್ಟು ಮನೆಗೆ ಓಡುವ ಆತುರದಲ್ಲಿದ್ದರು. ಟೈಲರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಮ್ಮದನ್ನ ನಾವೇ ತೊಳೆದು ಹೋಗೋಣ. ಮುಂದೆ ಬರೋ ಮಕ್ಕಳಿಗೆ ಬಿಡೋದು ಬೇಡ."

ಹುಡುಗಿಯರು ಗೊಣಗಿದರು. ಟೀಚರು ಮಾತ್ರ ಮರುಮಾತಾಡದೆ ಬೀಕರಿಗೆ ನೀರು ತುಂಬಿಸಿದರು. ಟೈಲರಮ್ಮ ಟ್ರೇಯಿಂದ ಒಂದು ಸ್ಲೈಡು ಎತ್ತಿದಳು. "ಇದು ಯಾರದು?" ಒಬ್ಬಳು ಕೈ ಎತ್ತಿದಳು. ಅವಳ ಮುಖವನ್ನು ಒಮ್ಮೆ ನೋಡಿ, ಆಮೇಲೆ ಗಾಜನ್ನು ನೀರಿಗೆ ಬಿಟ್ಟಳು. "ಇದು?" ಇನ್ನೊಂದು ಕೈ. ಹೀಗೆ ಒಂದೊಂದೇ. ಮೊದಮೊದಲು ಹುಡುಗಿಯರಿಗೆ ನಗು. ಆಮೇಲಾಮೇಲೆ ನಗು ನಿಂತು, ಕೈಗಳು ಮಾತ್ರ ಎದ್ದವು. ತನ್ನದನ್ನೂ ಆಕೆ ಹಾಗೇ ನೀರಿಗೆ ಬಿಟ್ಟಳು.

ಕೊನೆಗೆ ಉಳಿದ ಒಂದಕ್ಕೆ ಯಾರೂ ಕೈ ಎತ್ತಲಿಲ್ಲ.

"ಇದು ಕಡ್ಡೀದು," ಅಂದಳು ಯಾರೋ. ಕಡ್ಡಿ ಅಂದರೆ ನಮ್ಮ ಹಿಂದಿನ ಬೆಂಚಿನ ಸಣಕಲಿ. "ಬೆಳಿಗ್ಗೆನೇ ಮೈ ಸುಡ್ತಿತ್ತು ಅವಳಿಗೆ. ಪರೀಕ್ಷೆ ಮುಗಿಸಿದ್ದೇ ಮನೆಗೆ ಹೋದ್ಲು. ಜ್ವರ."

ಟೈಲರಮ್ಮ ಸ್ಲೈಡನ್ನು ಮೇಜಿನ ಮೇಲಿಟ್ಟು, ಚೀಲದ ತಳ ತಡಕಿ ಒಂದು ಪುಟ್ಟ ಬಾಟಲಿ ತೆಗೆದಳು. ಬಣ್ಣವಿಲ್ಲದ ನೇಲ್ ಪಾಲಿಶ್. ಅದು ಯಾವಾಗಿಂದ ಅವಳ ಚೀಲದಲ್ಲಿತ್ತೋ ನನಗೆ ಗೊತ್ತಿಲ್ಲ. ಒಳಗೆ ತಳದಲ್ಲಿ ಚೂರೇ ಚೂರು ಉಳಿದಿತ್ತು, ದಪ್ಪಗಾಗಿತ್ತು. ಅದನ್ನು ಅಂಗೈಗಳ ನಡುವೆ ಹೊರಳಿಸಿ ಬೆಚ್ಚಗೆ ಮಾಡಿ, ಕುಂಚದಿಂದ ಗಾಜಿನ ನಾಲ್ಕೂ ಅಂಚಿಗೆ ಹಚ್ಚಿದಳು. ಆರುವವರೆಗೂ ಯಾರನ್ನೂ ಮುಟ್ಟಗೊಡಲಿಲ್ಲ. ಬಾಟಲಿ ಅಲ್ಲಿಗೆ ಖಾಲಿಯಾಯಿತು.

ಕಡ್ಡಿಯ ಮನೆಗೆ ಬಸ್ಸಿನಲ್ಲಿ ಇಬ್ಬರೂ ಹೋದೆವು. ನಾನು ದಾರಿಯುದ್ದಕ್ಕೂ ಎಲ್ಲ ದೇವರಿಗೂ ಮನಸ್ಸಿನಲ್ಲೇ ಕೈಮುಗಿದೆ. ಬಾಗಿಲು ತೆರೆದವಳು ಅವಳ ತಾಯಿ. ಒಳಗೆ ಕಡ್ಡಿ ಕಂಬಳಿ ಹೊದ್ದು ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನಮ್ಮನ್ನು ನೋಡಿ, "ಅಯ್ಯೋ, ನಾನು ಫೇಲಾ?" ಎಂದು ಕಿರುಚಿದಳು. ನನಗೆ ಹೋದ ಜೀವ ಬಂದ ಹಾಗಾಗಿ, "ಹೌದು ಕಣೇ ಕತ್ತೆ" ಅಂದೆ.

ಟೈಲರಮ್ಮ ಒಳಗೆ ಹೋಗಲಿಲ್ಲ. ಕರವಸ್ತ್ರ ಬಿಚ್ಚಿ ಗಾಜನ್ನು ಆ ತಾಯಿಯ ಕೈಯಲ್ಲಿಟ್ಟಳು.

"ಇದೇನಕ್ಕಾ?" ಅಂದಳು ಆಕೆ, ನೀಲಿ ಕಲೆಯ ಗಾಜನ್ನು ಹಿಂದೆ ಮುಂದೆ ತಿರುಗಿಸುತ್ತ.

"ನಿಮ್ಮ ಮಗಳ ಕೆನ್ನೆ. ಎತ್ತಿಟ್ಕೊಳ್ಳಿ," ಅಂದಳು ಟೈಲರಮ್ಮ. "ತೊಳೀಬೇಡಿ."

ಆ ತಾಯಿಗೆ ಏನೂ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿ, ಗಾಜನ್ನು ಗೂಡಿನಲ್ಲಿ ಔಷಧಿ ಬಾಟಲಿಯ ಪಕ್ಕ ಇಟ್ಟಳು. ನಾವು ಬಸ್ ಸ್ಟಾಪಿನವರೆಗೆ ನಡೆದು ಬಂದೆವು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಟೈಲರಮ್ಮ ಅತ್ತಳು, ಜನ ನೋಡುತ್ತಾರೆ ಎಂಬ ಪರಿವೆಯೂ ಇಲ್ಲದೆ, ದನಿ ತೆಗೆದು, ಮಗಳ ಹೆಸರು ಹಿಡಿದು ಕರೆಯುತ್ತ. ಒಂದು ಬಸ್ಸು ಬಂದು ನಿಂತು ಹೋಯಿತು. ಇನ್ನೊಂದು ಬರಲಿ ಎಂದು ನಾನು ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.